ಟೆನ್ನಿಸ್ ಟೂರ್ನಿ ಕೊಪ್ಪಳಕ್ಕೂ ಬರಲಿ

2024ರ ಸೆಪ್ಟೆಂಬರ್‌ನಲ್ಲಿ ಸ್ವೀಡನ್ ವಿರುದ್ಧದ ಡೇವಿಸ್ ಕಪ್ ಪಂದ್ಯಕ್ಕೆ ಟೆನ್ನಿಸ್ ಆಟಗಾರ ಸುಮಿತ್ ನಗಾಲ್ ಹೋಗಲಿಲ್ಲ. ಬೆನ್ನುನೋವು ಎಂದರು. ದೇಶದ ಪರ ಆಡಲು ಅವರು ವರ್ಷಕ್ಕೆ 50 ಸಾವಿರ ಡಾಲರ್ ಕೇಳಿದ್ದಾರೆಂದು ಅಖಿಲ ಭಾರತ ಟೆನ್ನಿಸ್ ಸಂಸ್ಥೆ ಪತ್ರಿಕೆಗಳ ಮುಂದೆ ದೂರಿತು. ವೃತ್ತಿಪರ ಕ್ರೀಡೆಯಲ್ಲಿ ಆಟಗಾರ ಸಂಭಾವನೆ ಪಡೆಯುವುದು ಎಲ್ಲ ಕಡೆ ಇರುವ ರೂಢಿ ಎಂದು ನಗಾಲ್ ಉತ್ತರ ಕೊಟ್ಟರು. ದೇಶಭಕ್ತಿಯ ಪಾಠ ಹೇಳಲು ಆಗ ಎಷ್ಟೊಂದು ಜನ ಎದ್ದು ನಿಂತರು! ನಾನು ನಗಾಲ್ ಪರ.

ಪಾಠ ಹೇಳಿದವರಿಗೆ ಹಿಂದಿನ ವರ್ಷದ ಲೆಕ್ಕ ನೆನಪಿರಲಿಲ್ಲ. ತನ್ನ ಬ್ಯಾಂಕ್ ಖಾತೆಯಲ್ಲಿ ಉಳಿದಿರುವುದು 900 ಯೂರೊ, ಅಂದರೆ ಸುಮಾರು 80 ಸಾವಿರ ರೂಪಾಯಿ ಎಂದು ಇದೇ ನಗಾಲ್ 2023ರ ಸೆಪ್ಟೆಂಬರ್‌ನಲ್ಲಿ ಹೇಳಿಕೊಂಡಿದ್ದರು. ಆಗ ಅವರು ದೇಶದ ಮೊದಲ ಸಾಲಿನ ಸಿಂಗಲ್ಸ್ ಆಟಗಾರ. 2017ರಲ್ಲೇ ಕಬ್ಬನ್ ಪಾರ್ಕಿನ ಅಂಕಣದಲ್ಲಿ ಬೆಂಗಳೂರು ಓಪನ್ ಗೆದ್ದವರು. ಡೇವಿಸ್ ಕಪ್ ಆಡಲು ಪಾಕಿಸ್ತಾನಕ್ಕೆ ಹೋಗಲು ಒಲ್ಲೆ ಎಂದದ್ದಕ್ಕೆ, ಆಸ್ಟ್ರೇಲಿಯನ್ ಓಪನ್ ವೈಲ್ಡ್ ಕಾರ್ಡ್ (ರ‍್ಯಾಂಕಿಂಗ್ ನೋಡದೆ ಕೊಡುವ ಪ್ರವೇಶ) ನಿರ್ಧರಿಸುವ ಏಷ್ಯಾ ಪೆಸಿಫಿಕ್ ಪ್ಲೇ ಆಫ್‌ಗೆ ಸಂಸ್ಥೆ ಅವರ ಹೆಸರು ಕಳಿಸಲಿಲ್ಲ. ಅವರು ಅರ್ಹತಾ ಸುತ್ತಿನಲ್ಲಿ ಮೂರು ಪಂದ್ಯ ಗೆದ್ದು ತಮ್ಮ ಬಲದ ಮೇಲೆಯೇ ಒಳಗೆ ಬಂದರು. 2024ರ ಜನವರಿಯಲ್ಲಿ 31ನೇ ಶ್ರೇಯಾಂಕದ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದರು. 1989ರಲ್ಲಿ ರಮೇಶ್ ಕೃಷ್ಣನ್ ಮ್ಯಾಟ್ಸ್ ವಿಲಾಂಡರ್ ಅವರನ್ನು ಮಣಿಸಿದ ಮೇಲೆ, ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್‌ನಲ್ಲಿ ಭಾರತೀಯನೊಬ್ಬ ಶ್ರೇಯಾಂಕಿತನನ್ನು ಸೋಲಿಸಿದ್ದು ಅದೇ ಮೊದಲು.

ಸಿಂಗಲ್ಸ್ ಆಟಗಾರನಿಗೆ ಸಂಬಳ ಕೊಡುವ ತಂಡ ಇರುವುದಿಲ್ಲ. ವಿಮಾನದ ಟಿಕೆಟ್, ಹೋಟೆಲ್, ಕೋಚ್, ಫಿಸಿಯೊ, ರ‍್ಯಾಕೆಟ್ಟಿನ ತಂತಿ, ಎಲ್ಲವೂ ಅವನ ಜೇಬಿನಿಂದಲೇ. ಮೆಟ್ಟಿಲಿನ ಬುಡದಲ್ಲಿ ಅಂತರರಾಷ್ಟ್ರೀಯ ಟೆನ್ನಿಸ್ ಫೆಡರೇಷನ್ನಿನ ಎಂ15, ಎಂ25 ಟೂರ್ನಿಗಳಿವೆ. 2023ರಲ್ಲಿ ಎಂ25ರ ಒಟ್ಟು ಬಹುಮಾನ 25 ಸಾವಿರ ಡಾಲರ್. ಮೊದಲ ಸುತ್ತಿನಲ್ಲಿ ಸೋತವನ ಕೈಗೆ ಬರುತ್ತಿದ್ದುದು 260 ಡಾಲರ್, ರ‍್ಯಾಂಕಿಂಗ್ ಅಂಕ ಸೊನ್ನೆ. ಇಡೀ ವಾರ ಆಡಿ ಪ್ರಶಸ್ತಿ ಗೆದ್ದವನಿಗೆ 25 ಅಂಕ. ವೈಲ್ಡ್ ಕಾರ್ಡ್ ಸಿಕ್ಕವರನ್ನು ಬಿಟ್ಟರೆ, ಈ ಅಂಕಗಳಿಲ್ಲದೆ ಮೇಲಿನ ಮೆಟ್ಟಿಲಾದ ಚಾಲೆಂಜರ್ ಟೂರ್ನಿಗೆ ಪ್ರವೇಶವಿಲ್ಲ, ಚಾಲೆಂಜರ್ ದಾಟದೆ ಗ್ರ್ಯಾಂಡ್‌ಸ್ಲಾಮ್ ಇಲ್ಲ. ಬುಡದ ಟೂರ್ನಿ ಮನೆ ಹತ್ತಿರ ನಡೆದರೆ ಹುಡುಗ ರಾತ್ರಿ ರೈಲು ಹಿಡಿದು ಬಂದು ಆಡುತ್ತಾನೆ. ಟರ್ಕಿಯಲ್ಲೋ ಟ್ಯುನೀಷಿಯಾದಲ್ಲೋ ನಡೆದರೆ ಅಪ್ಪ ಹೊಲ ಅಡ ಇಡಬೇಕಾಗುತ್ತದೆ.

ಆದ್ದರಿಂದಲೇ 2023ರ ಕೊನೆಗೆ ಕಲಬುರಗಿಯಲ್ಲಿ ನಡೆದದ್ದು ನನಗೆ ಮುಖ್ಯ. ಅಲ್ಲಿನ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಪುರುಷರ ಎಂ25 ಟೂರ್ನಿಯನ್ನು ನಡೆಸಲು ಜಿಲ್ಲಾಡಳಿತವೇ ಮುಂದಾಯಿತು. ಫೈನಲ್‌ನಲ್ಲಿ ಆಸ್ಟ್ರಿಯಾದ ಡೇವಿಡ್ ಪಿಷ್ಲರ್ ಅವರನ್ನು ಸೋಲಿಸಿದವರು ರಾಮಕುಮಾರ್ ರಾಮನಾಥನ್. 2017ರಲ್ಲಿ ಡೊಮಿನಿಕ್ ಥೀಮ್‌ಗೆ ಸೋಲಿನ ರುಚಿ ತೋರಿಸಿದ, 2018ರಲ್ಲಿ ನ್ಯೂಪೋರ್ಟ್‌ನ ಎಟಿಪಿ ಫೈನಲ್ ಆಡಿದ ಆಟಗಾರ, ಜಾರಿದ ರ‍್ಯಾಂಕಿಂಗ್ ಮತ್ತೆ ಕಟ್ಟಿಕೊಳ್ಳಲು ತೊಗರಿ ನಾಡಿಗೆ ಬಂದಿದ್ದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅವರು ಧಾರವಾಡದ ಎಂ25 ಕೂಡ ಗೆದ್ದಿದ್ದರು. ನಮ್ಮ ಸೀಮೆಯ ಮಗುವೊಂದು ಬೇಲಿಗೆ ಮುಖ ಒತ್ತಿ ನಿಂತು ಅಂಥವರ ಸರ್ವ್ ನೋಡಬಹುದಿತ್ತು. ಟಿವಿಯಲ್ಲಿ ಚೆಂಡಿನ ವೇಗ ತಿಳಿಯುವುದಿಲ್ಲ. ಹತ್ತು ಅಡಿ ದೂರದಲ್ಲಿ ಅದು ರ‍್ಯಾಕೆಟ್ಟಿಗೆ ಬಡಿಯುವ ಸದ್ದು ಎದೆಗೇ ತಾಗುತ್ತದೆ.

ಇದಕ್ಕೆ ಬರುವ ಆಕ್ಷೇಪ ಗೊತ್ತಿದ್ದದ್ದೇ. ಅಪೌಷ್ಟಿಕತೆ, ಗುಳೆ, ಶಿಕ್ಷಕರಿಲ್ಲದ ಶಾಲೆ ಇರುವ ಕಲ್ಯಾಣ ಕರ್ನಾಟಕಕ್ಕೆ ಶ್ರೀಮಂತರ ಆಟ ಯಾಕೆ ಎನ್ನುತ್ತಾರೆ. ಈ ಪ್ರಶ್ನೆಯನ್ನು ಬೆಂಗಳೂರಿಗೆ ಯಾರೂ ಕೇಳುವುದಿಲ್ಲ. ರಾಜಧಾನಿಯ ನಡುಮಧ್ಯದ ಉದ್ಯಾನದಲ್ಲಿ ಟೆನ್ನಿಸ್ ಅಂಕಣ ಇರಬಹುದು, ಅಲ್ಲಿ ಚಾಲೆಂಜರ್ ನಡೆಯಬಹುದು. ಕೊಪ್ಪಳದ ಮಾತು ಬಂದ ಕೂಡಲೇ ಬಡತನದ ಪಟ್ಟಿ ಹೊರಗೆ ಬರುತ್ತದೆ. ಹಿಂದುಳಿದವರು ಹೊಟ್ಟೆಗಷ್ಟೇ ಕೇಳಬೇಕು, ಆಟ ಕೇಳಬಾರದು ಎಂಬ ಧೋರಣೆ ಇದು. ಇದನ್ನು ನಾನು ಒಪ್ಪುವುದಿಲ್ಲ. ಟೆನ್ನಿಸ್ ಶ್ರೀಮಂತರ ಆಟವಾಗಿ ಉಳಿದಿರುವುದೇ ಅದರ ಅಂಕಣಗಳು ಕ್ಲಬ್ಬಿನ ಕಾಂಪೌಂಡಿನೊಳಗೆ ಉಳಿದಿರುವುದರಿಂದ.

ಕೊಪ್ಪಳದ ಪಕ್ಕದ ನಮ್ಮ ಗಿಣಿಗೇರಾ ಸುತ್ತಲಿನ ಊರುಗಳಲ್ಲಿ ಟೆನ್ನಿಸ್ ಚೆಂಡಿಗೆ ಬರವಿಲ್ಲ. ಬೇಸಿಗೆ ಬಂತೆಂದರೆ ಕಿರಾಣಿ ಅಂಗಡಿಯಲ್ಲಿ ಅದು ಡಜನ್ನುಗಟ್ಟಲೆ ಖರ್ಚಾಗುತ್ತದೆ, ಕ್ರಿಕೆಟ್ ಆಡಲು. ಟೆನ್ನಿಸ್ ಬಾಲ್ ಕ್ರಿಕೆಟ್ ಪಂದ್ಯಾವಳಿಗೆ ಟ್ರೋಫಿ ಕೊಡಿಸಲು ಪುಢಾರಿಗಳು ಸಾಲು ನಿಲ್ಲುತ್ತಾರೆ. ಅದೇ ಹುಡುಗರ ತೋಳಿನ ಬಲ, ಓಟ, ಕಣ್ಣಿನ ಚುರುಕು ನೋಡಿ ಒಂದು ರ‍್ಯಾಕೆಟ್ ಕೈಗಿಡುವವರು ಮಾತ್ರ ಇಲ್ಲ.

ಹಣವಿಲ್ಲ ಎನ್ನುವ ಮಾತನ್ನು ಈ ಊರಿನಲ್ಲಿ ನಿಂತು ಯಾರೂ ಹೇಳಬಾರದು. ಉಕ್ಕು, ಬೀಡುಕಬ್ಬಿಣ, ಸ್ಪಾಂಜ್ ಐರನ್ ಕಾರ್ಖಾನೆಗಳ ನಡುವೆ ಗಿಣಿಗೇರಾ ಕೂತಿದೆ. ಮಗ್ಗುಲಲ್ಲೇ ಖಾಸಗಿ ವಿಮಾನ ಇಳಿಯುವ ಪಟ್ಟಿಯಿದೆ. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗೆ ಖರ್ಚು ಮಾಡಿ ಎನ್ನುತ್ತದೆ; ಗ್ರಾಮೀಣ ಮತ್ತು ಒಲಿಂಪಿಕ್ ಕ್ರೀಡೆಗಳ ತರಬೇತಿಯೂ ಆ ಖರ್ಚಿನ ಬಾಬತ್ತುಗಳಲ್ಲಿದೆ. ಇತ್ತ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಸರ್ಕಾರ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಿಸುತ್ತಾ ಬಂದಿದೆ. ಎಂ15 ಟೂರ್ನಿಯೊಂದರ ಬಹುಮಾನದ ಮೊತ್ತ 15 ಸಾವಿರ ಡಾಲರ್, ಹದಿಮೂರು ಲಕ್ಷ ರೂಪಾಯಿಯ ಆಸುಪಾಸು. ಏರ್ಪಾಟಿನ ಖರ್ಚು ಸೇರಿಸಿದರೂ ಉತ್ಸವಗಳ ವೇದಿಕೆಗೆ ಹಣ ಹೊಂದಿಸುವ ಜಿಲ್ಲೆಗೆ ಇದು ಹೊರೆಯಲ್ಲ.

ಇಲ್ಲಿ ಒಂದು ಮಾತು ಖಡಕ್ಕಾಗಿ ಹೇಳಬೇಕು. ಕಾರ್ಖಾನೆಗಳ ಕರಿ ಬೂದಿ ಒಣಹಾಕಿದ ಬಟ್ಟೆಯ ಮೇಲೆ, ಮಾಳಿಗೆಯ ಮೇಲೆ, ಹತ್ತಿಯ ಎಲೆಯ ಮೇಲೆ ಕೂರುತ್ತಿದೆ. 2025ರ ಫೆಬ್ರುವರಿ 24ರಂದು ಇಡೀ ಕೊಪ್ಪಳ ಬಂದ್ ಆದದ್ದು ಹೊಸ ಉಕ್ಕಿನ ಕಾರ್ಖಾನೆ ಬೇಡ ಎಂದು. ಗವಿಮಠದ ಸ್ವಾಮೀಜಿ ಬೀದಿಗಿಳಿದರು. ಅಂಕಣ ಕಟ್ಟಿಕೊಟ್ಟ ಕಂಪನಿ ಹೊಗೆಯ ಲೆಕ್ಕದಿಂದ ಪಾರಾಗಬಾರದು. ಧೂಳಿನಲ್ಲಿ ಎರಡು ತಾಸು ಓಡುವ ಮಗುವಿನ ಪುಪ್ಪುಸಕ್ಕೆ ಯಾವ ಟ್ರೋಫಿಯೂ ಪರಿಹಾರವಲ್ಲ. ಹೊಗೆ ತಡೆಯುವುದು ಕಾನೂನು, ಕ್ರೀಡೆಗೆ ಕೊಡುವುದೂ ಕಾನೂನೇ ಒಪ್ಪಿದ ಖರ್ಚು. ಒಂದನ್ನು ತೋರಿಸಿ ಇನ್ನೊಂದನ್ನು ತಪ್ಪಿಸಿಕೊಳ್ಳಲು ಜಿಲ್ಲಾಡಳಿತ ಬಿಡಬಾರದು.

ಮನೆ ಹತ್ತಿರದ ಟೂರ್ನಿ ಏನು ಮಾಡಬಲ್ಲದು ಎಂಬುದಕ್ಕೆ ಇಟಲಿಯನ್ನು ನೋಡಿ. ಅಲ್ಲಿನ ಟೆನ್ನಿಸ್ ತಾರೆ ಯಾನಿಕ್ ಸಿನ್ನರ್ ಬೆಟ್ಟದ ಸಣ್ಣ ಊರಿನವರು. 2019ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ಬೆರ್ಗಾಮೊ ಚಾಲೆಂಜರ್‌ಗೆ ಅವರಿಗೆ ವೈಲ್ಡ್ ಕಾರ್ಡ್ ಸಿಕ್ಕಿತು, ಗೆದ್ದೇ ಬಿಟ್ಟರು. ಮನೆಯ ದೇಶದಲ್ಲಿ ಟೂರ್ನಿ ಇದ್ದದ್ದಕ್ಕೆ ಆ ಕಾರ್ಡ್ ಇತ್ತು. ನಮ್ಮಲ್ಲಿ ಚೆನ್ನೈನಲ್ಲಿ 2017ರವರೆಗೆ ನಡೆದ ಎಟಿಪಿ ಟೂರ್ನಿ ಪುಣೆಗೆ ಹೋಯಿತು, 2023ರ ನಂತರ ಅದೂ ನಿಂತಿತು. ಎಟಿಪಿ ಸಿಂಗಲ್ಸ್ ಪ್ರಶಸ್ತಿ ಗೆದ್ದ ಕೊನೆಯ ಭಾರತೀಯ ಲಿಯಾಂಡರ್ ಪೇಸ್, ಅದು 1998ರಲ್ಲಿ. ಮೇಲಿನ ಮೆಟ್ಟಿಲು ಕಳೆದುಕೊಂಡವರು ಕೆಳಗಿನದನ್ನಾದರೂ ಗಟ್ಟಿ ಮಾಡಬೇಡವೇ?

ಕೊಪ್ಪಳ ಜಿಲ್ಲಾಡಳಿತ ಮುಂದಿನ ಕ್ರಿಯಾಯೋಜನೆಯಲ್ಲಿ ಕಾರ್ಖಾನೆಗಳ ಗಾಳಿ ಬೀಸದ ದಿಕ್ಕಿಗೆ ನಾಲ್ಕು ಹಾರ್ಡ್ ಕೋರ್ಟ್‌ಗಳಿಗೆ ಜಾಗ ಗುರುತಿಸಲಿ. ಸರ್ಕಾರಿ ಶಾಲೆಗಳ ಮಕ್ಕಳಿಗೆ ಬೆಳಿಗ್ಗೆ ಸಂಜೆ ಉಚಿತ ಪ್ರವೇಶ ಎಂದು ಮಂಜೂರಾತಿ ಆದೇಶದಲ್ಲೇ ಬರೆಯಲಿ, ಖಾಯಂ ಕೋಚ್ ಹುದ್ದೆಗೆ ಅದರಲ್ಲೇ ಹಣ ಇಡಲಿ. ಮೂರನೇ ವರ್ಷಕ್ಕೆ ಪುರುಷರ ಎಂ15 ಟೂರ್ನಿಗೆ ರಾಜ್ಯ ಲಾನ್ ಟೆನ್ನಿಸ್ ಸಂಸ್ಥೆಯ ಮೂಲಕ ಅರ್ಜಿ ಹಾಕಲಿ. ಆತಿಥೇಯರ ಪಾಲಿನ ವೈಲ್ಡ್ ಕಾರ್ಡ್‌ಗಳಲ್ಲಿ ಒಂದನ್ನು ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳ ಹುಡುಗನಿಗೆ, ಅರ್ಹತಾ ಪಂದ್ಯ ಆಡಿಸಿ, ಮೀಸಲಿಡಲಿ.