ತೂಕದ ದರಕ್ಕೆ ಮಾರಲಾಗದ ಕಲೆ

ಉಗಿಯಂತ್ರಗಳ ಕಾಲದ ಹಿತ್ತಾಳೆ ಕೊಳವೆ, ಒತ್ತಡಮಾಪಕ, ಹಲ್ಲುಚಕ್ರಗಳನ್ನು ಮರೆಮಾಚದೆ ಅವನ್ನೇ ಅಲಂಕಾರವಾಗಿ ಮೆರೆಸುವ ಶೈಲಿಗೆ ಸ್ಟೀಮ್‌ಪಂಕ್ ಎಂದು ಹೆಸರು. ಹೆಸರು ಹುಟ್ಟಿದ್ದು 1987ರಲ್ಲಿ. ಪ್ರೇರಣೆ ಹತ್ತೊಂಬತ್ತನೆಯ ಶತಮಾನದ್ದು. ಜೂಲ್ಸ್ ವರ್ನ್ ಕಲ್ಪಿಸಿದ ನಾಟಿಲಸ್ ನೌಕೆಯ ಗಾಜಿನ ಕಿಟಕಿಯನ್ನು ನೆನಪಿಸುವ ಅಕ್ವೇರಿಯಂ ಶಿಲ್ಪಗಳು ಹೋಟೆಲು, ಕಚೇರಿಗಳ ಮುಂಗೋಣೆಗೆ ಚೆನ್ನಾಗಿ ಒಪ್ಪುತ್ತವೆ. ಆ ನೌಕೆಯ ನಾಯಕ ನೆಮೊ ಬುಂದೇಲಖಂಡದ ರಾಜಕುಮಾರನೆಂದು ಅದೇ ಲೇಖಕ ಬೇರೊಂದು ಕೃತಿಯಲ್ಲಿ ತಿಳಿಸಿರುವುದು ನಮ್ಮಲ್ಲಿ ಅನೇಕರಿಗೆ ಗೊತ್ತಿರಲಾರದು.

ಕೃಷ್ಣಾ, ಭೀಮಾ ನದಿಗಳ ನಡುವಣ ವಡಗೇರಾದಂತಹ ಊರುಗಳಿಗೆ ಈ ಕೆಲಸ ದೂರದ್ದಲ್ಲ. ಹಳೆಯ ಡೀಸೆಲ್ ಎಂಜಿನ್ನು, ಪಂಪ್‌ಸೆಟ್ಟುಗಳ ಚಕ್ರ, ವಾಲ್ವುಗಳು ಗುಜರಿಗೆ ಹೋಗುತ್ತಲೇ ಇರುತ್ತವೆ. ಟ್ರಾಲಿ, ಗ್ರಿಲ್ಲು ಮಾಡುವ ವೆಲ್ಡಿಂಗ್ ಕುಶಲಕರ್ಮಿಗಳೂ ಇದ್ದಾರೆ. ಆದರೆ ಗ್ರಿಲ್ಲಿನಂತೆ ಇದಕ್ಕೂ ಕಿಲೋ ಲೆಕ್ಕದಲ್ಲಿ ಬೆಲೆ ಕಟ್ಟುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಏಕೆಂದರೆ ಇಲ್ಲಿ ಗಿರಾಕಿಯು ಹಣ ಕೊಡುವುದು ಲೋಹಕ್ಕಲ್ಲ, ವಿನ್ಯಾಸದ ಹೊಣೆಗಾರಿಕೆಗೆ.

ಆ ಹೊಣೆ ಸಣ್ಣದಲ್ಲ. ತಾಮ್ರ, ಸತು ನೀರಿಗೆ ಬಿಟ್ಟುಕೊಂಡರೆ ಜಲಚರಗಳಿಗೆ ವಿಷ. ಅತ್ಯಲ್ಪ ಪ್ರಮಾಣದ ತಾಮ್ರವೇ ಸೀಗಡಿ, ಬಸವನಹುಳುಗಳನ್ನು ಕೊಲ್ಲಬಲ್ಲದು. ತಾಮ್ರ, ಸತು ಸೇರಿ ಹಿತ್ತಾಳೆ. ಸತುವಿನ ಲೇಪ ಗ್ಯಾಲ್ವನೈಸ್ಡ್ ಪೈಪಿಗೂ ಇರುತ್ತದೆ. ನಮ್ಮ ಹೆಮ್ಮೆಯ ಬಿದರಿ ಪಾತ್ರೆಯ ಲೋಹವೂ ಸತು, ತಾಮ್ರಗಳ ಮಿಶ್ರಣವೇ. ಆದ್ದರಿಂದ ಲೋಹವೆಲ್ಲ ಹೊರಗೆ ಇರಬೇಕು, ನೀರಿಗೆ ತಾಗುವುದು ಗಾಜು ಮತ್ತು ಅಕ್ವೇರಿಯಂಗೆಂದೇ ತಯಾರಾದ ಸಿಲಿಕೋನ್ ಮಾತ್ರ. ಹಲ್ಲುಚಕ್ರ ನೀರೊಳಗೇ ತಿರುಗಬೇಕೆಂದು ಗಿರಾಕಿ ಹಟ ಹಿಡಿದರೆ ಮೀನಿಲ್ಲದ ಶಿಲ್ಪವನ್ನು ಕೊಡಬೇಕು, ಇಲ್ಲವೇ ಆರ್ಡರನ್ನೇ ಬಿಡಬೇಕು.

ಇನ್ನು ಭಾರ. 90 ಸೆಂ.ಮೀ. ಉದ್ದ, 45 ಅಗಲ, 45 ಎತ್ತರದ ತೊಟ್ಟಿಯಲ್ಲಿ ತುಂಬುವ ನೀರೇ ಸುಮಾರು 182 ಕಿಲೋ. ಗಾಜು, ಲೋಹ ಸೇರಿದರೆ ಕಾಲು ಟನ್ನಿನ ಸಮೀಪ. ಪೀಠ ಕೂದಲೆಳೆಯಷ್ಟು ಓರೆಯಾದರೂ ಗಾಜಿನ ಬೆಸುಗೆಗೆ ಅಪಾಯ. ಅಲಂಕಾರದ ಗುಮ್ಮಟದಿಂದ ತೊಟ್ಟಿಯನ್ನು ಪೂರ್ತಿ ಮುಚ್ಚುವುದೂ ನಮ್ಮ ಬಿಸಿಲಿಗೆ ಹೊಂದದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ, 24ರಿಂದ 28 ಡಿಗ್ರಿ ಬಯಸುವ ಮೀನುಗಳಿಗೆ ಗಾಳಿಯಾಡುವ ಜಾಲರಿ ಅತ್ಯಗತ್ಯ. ಕೈ ಹಾಕಿ ತೊಳೆಯಲು ಬಾರದ ತೊಟ್ಟಿಯಂತೂ ತಿಂಗಳೊಪ್ಪತ್ತಿನಲ್ಲಿ ಪಾಚಿಗಟ್ಟಿ, ಮಾಡಿದವನ ಹೆಸರನ್ನೇ ಕೆಡಿಸುತ್ತದೆ.

2023ರಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ಕಮ್ಮಾರರಿಗೆ ಎರಡು ಹಂತಗಳಲ್ಲಿ 3 ಲಕ್ಷ ರೂಪಾಯಿವರೆಗೆ ಶೇ. 5ರ ಬಡ್ಡಿಗೆ ಅಡಮಾನರಹಿತ ಸಾಲಕ್ಕೆ ಅವಕಾಶ ಕಲ್ಪಿಸಲಾಗಿದೆ. ಸಾಲಕ್ಕಿಂತ ಮೊದಲು ಬೇಕಾದುದು ಮಾದರಿ. ನಮ್ಮ ಮಂಡಳಿಯು ಮೀನುಗಾರಿಕೆ ಇಲಾಖೆಯ ತಿಳಿವಳಿಕೆಯನ್ನೂ ಐ.ಟಿ.ಐ. ಬೋಧಕರ ನೆರವನ್ನೂ ಪಡೆದು ಒಂದೇ ಒಂದು ತೊಟ್ಟಿಯನ್ನು ತಯಾರಿಸಲಿ, ಸಭಾಂಗಣದಲ್ಲಿಟ್ಟು ಒಂದು ಬೇಸಿಗೆ ಕಳೆಯಲಿ. ಅಲ್ಲಿ ಮೀನು ಬದುಕಿ ಉಳಿದ ಮೇಲೆ ಬೆಲೆಪಟ್ಟಿ ಅಚ್ಚು ಹಾಕಿಸೋಣ.