ಜೀವಾವಧಿ ಎಂದರೆ ಎಷ್ಟು ವರ್ಷ?

ಜೀವಾವಧಿ ಶಿಕ್ಷೆ ಎಂದರೆ ಹದಿನಾಲ್ಕು ವರ್ಷ ಎಂಬುದು ಬಹಳ ಜನರ ನಂಬಿಕೆ. ಸಿನಿಮಾಗಳಲ್ಲಿ ನೋಡಿ ನೋಡಿ ಆ ಲೆಕ್ಕ ಮನಸ್ಸಿನಲ್ಲಿ ಕುಳಿತುಬಿಟ್ಟಿದೆ. ಕಾನೂನಿನ ಲೆಕ್ಕವೇ ಬೇರೆ. ಅದನ್ನು ತಿಳಿಯಲು ಬೆಂಗಳೂರಿನ ರಿಚ್ಮಂಡ್ ರಸ್ತೆಯ ಒಂದು ಕೊಲೆ ಪ್ರಕರಣವನ್ನು ನೋಡಬೇಕು.

ಶಾಕಿರಾ ಖಲೀಲಿ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು. ಉತ್ತರ ಪ್ರದೇಶದ ರಾಂಪುರದ ಹಿಂದಿನ ನವಾಬರ ಮನೆತನದ ಆಸ್ತಿ ವ್ಯವಹಾರ ನೋಡಿಕೊಳ್ಳುತ್ತಿದ್ದ ಮುರಳಿ ಮನೋಹರ ಮಿಶ್ರಾ ಎಂಬಾತ 1983ರಲ್ಲಿ ಅವರಿಗೆ ಪರಿಚಯವಾದ. ಸ್ವಾಮಿ ಶ್ರದ್ಧಾನಂದ ಎಂಬುದು ಅವನ ಇನ್ನೊಂದು ಹೆಸರು. ಮೊದಲ ಪತಿಯಿಂದ ವಿಚ್ಛೇದನ ಪಡೆದ ಶಾಕಿರಾ 1986ರಲ್ಲಿ ಅವನನ್ನು ಮದುವೆಯಾದರು. ಆಸ್ತಿ ನೋಡಿಕೊಳ್ಳಲು ಅಧಿಕಾರ ಪತ್ರವನ್ನೂ ಬರೆದುಕೊಟ್ಟರು.

1991ರ ಮೇ ಕೊನೆಯ ನಂತರ ಶಾಕಿರಾ ಯಾರ ಕಣ್ಣಿಗೂ ಬೀಳಲಿಲ್ಲ. ತಾಯಿ ಎಲ್ಲಿ ಎಂದು ಮಗಳು ಕೇಳಿದಾಗಲೆಲ್ಲ ಅವನಿಂದ ಬೇರೆ ಬೇರೆ ಉತ್ತರ ಬಂತು. ಮಗಳು ಸುಮ್ಮನಾಗಲಿಲ್ಲ, 1992ರಲ್ಲಿ ಪೊಲೀಸರಿಗೆ ದೂರು ಕೊಟ್ಟಳು. 1994ರ ಮಾರ್ಚ್‌ನಲ್ಲಿ ಅದೇ ಮನೆಯ ಅಂಗಳ ಅಗೆದಾಗ, ಮರದ ಪೆಟ್ಟಿಗೆಯೊಳಗೆ ತಾಯಿಯ ಅಸ್ಥಿಪಂಜರ ಸಿಕ್ಕಿತು. ಕೊಲೆಯನ್ನು ಕಣ್ಣಾರೆ ಕಂಡವರಿರಲಿಲ್ಲ. ಸಾಂದರ್ಭಿಕ ಸಾಕ್ಷ್ಯ ಮತ್ತು ಡಿಎನ್ಎ ಪರೀಕ್ಷೆ ಸತ್ಯವನ್ನು ಹೊರಗೆಡಹಿದವು.

2005ರಲ್ಲಿ ಸೆಷನ್ಸ್ ನ್ಯಾಯಾಲಯ ಮರಣದಂಡನೆ ವಿಧಿಸಿತು. ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2007ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅಪರಾಧದ ಬಗ್ಗೆ ಒಪ್ಪಿದರೂ ಶಿಕ್ಷೆಯ ಬಗ್ಗೆ ಒಪ್ಪಲಿಲ್ಲ. ಪ್ರಕರಣ ಮೂವರ ಪೀಠಕ್ಕೆ ಹೋಯಿತು.

ಇಲ್ಲೇ ಹದಿನಾಲ್ಕರ ಪ್ರಶ್ನೆ ಎದುರಾಯಿತು. ಜೀವಾವಧಿ ಎಂದರೆ ಬದುಕಿರುವವರೆಗೆ ಎಂದು ಸುಪ್ರೀಂ ಕೋರ್ಟ್ 1961ರಲ್ಲೇ ಹೇಳಿತ್ತು. ಆದರೆ ಶಿಕ್ಷೆಯನ್ನು ಕಡಿತಗೊಳಿಸುವ ಅಧಿಕಾರ ಸರ್ಕಾರಕ್ಕಿದೆ. ಕೊಲೆಯಂಥ ಅಪರಾಧಗಳಲ್ಲಿ ಹದಿನಾಲ್ಕು ವರ್ಷ ಜೈಲಿನಲ್ಲಿ ಕಳೆಯುವ ಮುನ್ನ ಹಾಗೆ ಬಿಡುವಂತಿಲ್ಲ ಎಂಬುದು 1978ರಲ್ಲಿ ಸೇರಿಸಿದ ನಿಯಮ. ಅಂದರೆ ಹದಿನಾಲ್ಕು ಬಿಡುಗಡೆಯ ದಿನವಲ್ಲ, ಬಿಡುಗಡೆಯನ್ನು ಯೋಚಿಸಬಹುದಾದ ಮೊದಲ ದಿನ.

ಗಲ್ಲು ಅತಿಯಾಯಿತು, ಹದಿನಾಲ್ಕು ವರ್ಷ ತೀರ ಕಡಿಮೆಯಾಯಿತು ಎನ್ನಿಸುವಾಗ ನ್ಯಾಯಾಲಯ ಏನು ಮಾಡಬೇಕು? 2008ರ ಜುಲೈ 22ರಂದು ಮೂವರ ಪೀಠ ನಡುವಿನ ದಾರಿ ಹಿಡಿಯಿತು: ಗಲ್ಲು ಬೇಡ, ಆದರೆ ಶಿಕ್ಷೆ ಕಡಿತವೂ ಇಲ್ಲ, ಜೀವ ಇರುವವರೆಗೆ ಸೆರೆವಾಸ. 2015ರಲ್ಲಿ ಸಂವಿಧಾನ ಪೀಠ ಬಹುಮತದಿಂದ ಈ ದಾರಿಯನ್ನು ಒಪ್ಪಿತು. ಅಲ್ಲೂ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ಅಭಿಪ್ರಾಯ ತಾಳಿದರು.

ಬಿಡುಗಡೆಯ ಆಸೆಯೇ ಇಲ್ಲದ ಸೆರೆ ನ್ಯಾಯವೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಮನೆಯಲ್ಲಿ ಈ ಮಾತು ಬಂದರೆ ಮಕ್ಕಳೂ ಹಿರಿಯರೂ ತಮ್ಮ ತಮ್ಮ ಅಭಿಪ್ರಾಯ ಹೇಳಲಿ. ಆದರೆ ಹದಿನಾಲ್ಕರ ಲೆಕ್ಕವನ್ನು ಮಾತ್ರ ಮೊದಲು ತಿದ್ದಿಕೊಳ್ಳಲಿ.