ಎಂ.ಜಿ. ರಸ್ತೆಯ ಕಾಫಿ ಹೌಸ್

ಮಾಕುಟ್ಟದ ಘಾಟಿಯ ಮೇಲೆ ಕಾಫಿ ಬೆಳೆಯುವ ಕೊಡಗು. ಇಳಿದರೆ ಕಣ್ಣೂರು, ಕಾಫಿ ಹೌಸ್ ನೌಕರರನ್ನು ಸಂಘಟಿಸಿದ ಎ.ಕೆ. ಗೋಪಾಲನ್ ಅವರ ಜಿಲ್ಲೆ. 1950ರ ದಶಕದಲ್ಲಿ ಕಾಫಿ ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ, ಬೀದಿಗೆ ಬಿದ್ದ ನೌಕರರೇ ಸಹಕಾರ ಸಂಘ ಕಟ್ಟಿಕೊಂಡು ಅವನ್ನು ನಡೆಸಿದರು. ಅಂಥ ಮೊದಲ ಸಂಘ 1957ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ.

ಅದೇ ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿದ್ದ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಜಾಗ ತೆರವು ಮಾಡಿ ಚರ್ಚ್ ಸ್ಟ್ರೀಟಿಗೆ ಹೋಯಿತು. ಕಟ್ಟಡ ಬಾಡಿಗೆಯದು, ಮಾಲೀಕರನ್ನು ದೂರಿ ಫಲವಿಲ್ಲ. ಕೊರತೆ ಇರುವುದು ನಮ್ಮ ಪರಂಪರೆಯ ಲೆಕ್ಕದಲ್ಲಿ. ಕಮಾನು, ಗೋಪುರ ಇದ್ದರೆ ಪಾರಂಪರಿಕ ಕಟ್ಟಡ. ಪೇಟ ತೊಟ್ಟ ಮಾಣಿಗಳು, ಒಂದು ಕಾಫಿಗೆ ಗಂಟೆಗಟ್ಟಲೆ ಹರಟುವ ಗಿರಾಕಿಗಳು ಯಾವ ಪಟ್ಟಿಯಲ್ಲೂ ಇಲ್ಲ. ಪುಣ್ಯಕ್ಕೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ಅಲ್ಲೇ ಇದೆ. ಅದು ಉಳಿದಿರುವುದು ದೋಸೆಯ ಬಲದಿಂದ, ಸರ್ಕಾರದ ನೀತಿಯಿಂದಲ್ಲ.

ಹಳೆಯ ಹೋಟೆಲುಗಳನ್ನು ಗುರುತಿಸಿ ಪಟ್ಟಿ ಮಾಡಿ, ಅವುಗಳಿಗೆ ಜಾಗ ಕೊಟ್ಟ ಮಾಲೀಕರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ನೀಡಬೇಕು. ಕೊಡಗಿನ ಮಡಿಕೇರಿ ನಗರಸಭೆ, ವಿರಾಜಪೇಟೆ ಪುರಸಭೆಗಳೂ ಈ ಪಟ್ಟಿ ಮಾಡಲು ಬೆಂಗಳೂರಿನ ಅಪ್ಪಣೆಗೆ ಕಾಯಬೇಕಿಲ್ಲ.